ಸೊರಗಿದ ಕುರಿಗೆ ಹುಳವೋ, ಬೇರೆ ಕಾಯಿಲೆಯೋ? ಔಷಧಿ ಬಾಟಲಿ ಬಿಚ್ಚುವ ಮುಂಚೆ ರೆಪ್ಪೆ ಬಿಡಿಸಿ ನೋಡಿ

ಮುಂಗಾರು ಹಿಡಿದು ತಿಂಗಳಾಗಿರುತ್ತದೆ. ಬಯಲಲ್ಲಿ ಹುಲ್ಲಿಗೇನೂ ಬರವಿಲ್ಲ. ಆದರೂ ಮಂದೆಯಲ್ಲಿ ಒಂದೆರಡು ಕುರಿ ಹಿಂದೆ ಬೀಳುತ್ತವೆ. ಏರು ಹತ್ತುವಾಗ ನಿಂತು ಏದುಸಿರು ಬಿಡುತ್ತವೆ. ಆಗ ನಾವು ಮಾಡುವ ಮೊದಲ ಕೆಲಸ ಏನು? ಅಂಗಡಿಗೆ ಹೋಗಿ "ಹುಳದ ಔಷಧಿ ಕೊಡಿ" ಅನ್ನುವುದು. ತಂದು ಚಿಕ್ಕದಕ್ಕೂ ದೊಡ್ಡದಕ್ಕೂ ಒಂದೇ ಅಳತೆಯಲ್ಲಿ ಕುಡಿಸಿಬಿಡುವುದು.

ನಾನೂ ಎಷ್ಟೋ ವರ್ಷ ಹಾಗೇ ಮಾಡಿದೆ. ಒಂದು ಶ್ರಾವಣದಲ್ಲಿ ಹತ್ತು ದಿನದೊಳಗೆ ಮೂರು ಕುರಿ ಹೋದವು. ಮೂರಕ್ಕೂ ಔಷಧಿ ಹಾಕಿ ಇನ್ನೂ ತಿಂಗಳು ತುಂಬಿರಲಿಲ್ಲ. ಮೂರನೆಯದನ್ನು ಪಶುವೈದ್ಯರು ಕೊಯ್ದು, ನಾಲ್ಕನೇ ಹೊಟ್ಟೆಯನ್ನು ಸೀಳಿ, ಒಳಗಿದ್ದದ್ದನ್ನು ಬಿಳಿ ತಟ್ಟೆಗೆ ಸುರಿದು ನೀರು ಹಾಕಿದರು. ಮೊದಲು ಏನೂ ಕಾಣಲಿಲ್ಲ. ಆಮೇಲೆ ತಟ್ಟೆಯ ತಳದಲ್ಲಿ ಕೂದಲೆಳೆಯಂಥವು ಅಲುಗಾಡಿದವು. ಎರಡರಿಂದ ಮೂರು ಸೆಂಟಿಮೀಟರ್ ಉದ್ದ. ಹತ್ತಿರದಿಂದ ನೋಡಿದರೆ ಕೆಂಪು ಬಿಳಿ ಎರಡು ದಾರ ಹೊಸೆದ ಹಾಗೆ. ಕೆಂಪು ಕಂಡದ್ದು ಕುಡಿದ ರಕ್ತ ತುಂಬಿದ ಕರುಳು, ಬಿಳಿ ಕಂಡದ್ದು ಅದರ ಸುತ್ತ ಸುತ್ತಿಕೊಂಡ ಅಂಡಾಶಯ. ಒಂದಲ್ಲ ಎರಡಲ್ಲ, ಸಾವಿರಗಟ್ಟಲೆ. ಹೀಮಾಂಕಸ್ ಎನ್ನುವ ದುಂಡುಹುಳ ಅದು. ಅಷ್ಟು ವರ್ಷ ಕುರಿ ಹಿಕ್ಕೆಯಲ್ಲಿ ನಾನು ಹುಡುಕುತ್ತಿದ್ದ ಹುಳ ಅಲ್ಲಿ ಯಾವತ್ತೂ ಕಾಣಿಸುವುದೇ ಇಲ್ಲ ಎಂದು ನನಗೆ ಗೊತ್ತಾದದ್ದು ಆ ದಿನ.

ಅಲ್ಲಿಂದ ಈಚೆಗೆ ನಾನು ಪಾಲಿಸುತ್ತಿರುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಹೆಚ್ಚಿನ ಮಾತು ಕುರಿ, ಮೇಕೆಯದ್ದು. ಕರು, ನಾಯಿಮರಿ, ಕಾಡಂಚಿನ ಜಿಂಕೆಯ ಬಗ್ಗೆಯೂ ಬೇಕಾದಷ್ಟು ಹೇಳಿದ್ದೇನೆ. ದುಡ್ಡು ಖರ್ಚಿಲ್ಲದ ಪರೀಕ್ಷೆ ಮೊದಲು, ದುಡ್ಡಿನದು ಆಮೇಲೆ.

ಇವು ಕಂಡರೆ ಮುಂದೆ ಓದಬೇಡಿ, ಡಾಕ್ಟರಿಗೆ ಫೋನ್ ಮಾಡಿ

ಕುರಿ ಎದ್ದು ನಿಲ್ಲುತ್ತಿಲ್ಲ. ಜ್ವರದಿಂದ ಮೈ ಸುಡುತ್ತಿದೆ. ಮೂಗು, ಬಾಯಿ, ಗುದದಿಂದ ರಕ್ತ ಬಂದು ಸತ್ತಿದೆ. ಒಂದೇ ದಿನ ಮೂರು ನಾಲ್ಕು ಬಿದ್ದಿವೆ. ಬಾಯಲ್ಲಿ ಹುಣ್ಣು, ಮೂಗಲ್ಲಿ ಗೊಣ್ಣೆ, ಜೊತೆಗೆ ಭೇದಿ ಇದೆ. ಇವು ಬರೀ ಹುಳದ ಲಕ್ಷಣಗಳಲ್ಲ. ಪಿಪಿಆರ್ (ಕುರಿ ಮೇಕೆಗಳ ಪ್ಲೇಗ್), ಗಳಲೆ, ನೀಲಿ ನಾಲಿಗೆ, ಕರುಳು ಬೇನೆ, ಯಾವುದಾದರೂ ಇರಬಹುದು. ಹುಳದ ಔಷಧಿ ಕುಡಿಸುತ್ತಾ ಕೂತರೆ ಮಂದೆಯೇ ಖಾಲಿಯಾಗುತ್ತದೆ. ಪಶು ಸಂಚಾರಿ ಚಿಕಿತ್ಸಾ ವಾಹನಕ್ಕೆ 1962 ನಂಬರಿಗೆ ಕರೆ ಮಾಡಬಹುದು, ದುಡ್ಡಿಲ್ಲ.

ರಕ್ತ ಸೋರಿ ಸತ್ತ ಪ್ರಾಣಿಯನ್ನು ಮಾತ್ರ ಯಾವ ಕಾರಣಕ್ಕೂ ಕೊಯ್ಯಬೇಡಿ, ಚರ್ಮ ಸುಲಿಯಬೇಡಿ. ಅದು ನೆರಡಿ ರೋಗ, ಅಂದರೆ ಆಂಥ್ರಾಕ್ಸ್ ಇರಬಹುದು. ಮನುಷ್ಯರಿಗೂ ಹತ್ತುತ್ತದೆ.

ಲಕ್ಷಣ: ಮೇಯುತ್ತದೆ, ಆದರೂ ಹಿಂದೆ ಬೀಳುತ್ತದೆ. ಭೇದಿ ಇಲ್ಲ

ಇದೇ ಎಲ್ಲಕ್ಕಿಂತ ಮೋಸದ ಲಕ್ಷಣ. ಹಿಕ್ಕೆ ಗಟ್ಟಿಯಾಗಿ, ಉಂಡೆ ಉಂಡೆಯಾಗಿ ಚೆನ್ನಾಗಿರುತ್ತದೆ. "ಭೇದಿ ಇಲ್ಲ ಅಂದಮೇಲೆ ಹುಳ ಎಲ್ಲಿಂದ?" ಎಂದು ನಾವು ಸುಮ್ಮನಾಗುತ್ತೇವೆ. ಆದರೆ ಹೀಮಾಂಕಸ್ ಹುಳಕ್ಕೆ ಕರುಳು ಕೆಡಿಸುವುದು ಮುಖ್ಯವಲ್ಲ, ಅದು ರಕ್ತ ಕುಡಿಯುವ ಹುಳ. ಒಂದು ಹುಳದಿಂದ ದಿನಕ್ಕೆ ಸುಮಾರು 0.05 ಮಿಲಿ ರಕ್ತ ಹೋಗುತ್ತದೆ. ಒಂದು ಹನಿ. ಹೊಟ್ಟೆಯಲ್ಲಿ 5,000 ಹುಳ ಇದ್ದರೆ ದಿನಕ್ಕೆ 250 ಮಿಲಿ. ದೊಡ್ಡ ಲೋಟದ ತುಂಬ ರಕ್ತ ದಿನಾ ಹೋದರೆ 25 ಕಿಲೋ ಕುರಿ ಎಷ್ಟು ದಿನ ತಡೆದೀತು?

ಹಾಗಾಗಿ ನೋಡಬೇಕಾದ್ದು ರಕ್ತವನ್ನು. ಅದಕ್ಕೆ ಸೂಜಿಯೂ ಬೇಡ, ಲ್ಯಾಬೂ ಬೇಡ. ಕಣ್ಣಿನ ಕೆಳ ರೆಪ್ಪೆಯ ಒಳಭಾಗ ನೋಡಿದರೆ ಸಾಕು.

ಕುರಿಯನ್ನು ಓಡಿಸದೆ ಮೆಲ್ಲಗೆ ಹಿಡಿಯಿರಿ. ಬಿಸಿಲ ಬೆಳಕಲ್ಲಿ ನಿಲ್ಲಿಸಿ, ಕೊಟ್ಟಿಗೆ ಕತ್ತಲಲ್ಲಿ ಬೇಡ, ಟಾರ್ಚ್ ಬೆಳಕೂ ಬೇಡ. ಒಂದು ಹೆಬ್ಬೆರಳಿಂದ ಮೇಲಿನ ರೆಪ್ಪೆ ಮುಚ್ಚಿ. ಮುಚ್ಚಿದ ರೆಪ್ಪೆಯ ಮೇಲೆ ಮೆಲ್ಲಗೆ ಒಳಕ್ಕೆ ಒತ್ತಿ. ಇನ್ನೊಂದು ಹೆಬ್ಬೆರಳಿಂದ ಕೆಳ ರೆಪ್ಪೆಯನ್ನು ಕೆಳಕ್ಕೆ ಎಳೆಯಿರಿ. ಒಳಪದರ ತಾನಾಗಿ ಹೊರಗೆ ಉಬ್ಬುತ್ತದೆ. ಒಂದೆರಡು ಕ್ಷಣದಲ್ಲಿ ಬಣ್ಣ ನೋಡಿ ಬಿಟ್ಟುಬಿಡಿ. ಜಾಸ್ತಿ ಹೊತ್ತು ಹಿಡಿದರೆ ಉಜ್ಜಿ ಕೆಂಪಾಗುತ್ತದೆ, ಲೆಕ್ಕ ತಪ್ಪುತ್ತದೆ. ಎರಡೂ ಕಣ್ಣು ನೋಡಿ, ಯಾವುದು ಹೆಚ್ಚು ಬಿಳಿಚಿದೆಯೋ ಅದನ್ನೇ ಲೆಕ್ಕಕ್ಕೆ ಹಿಡಿಯಿರಿ.

ಈ ಬಣ್ಣ ಹೋಲಿಸುವುದಕ್ಕೆಂದೇ ದಕ್ಷಿಣ ಆಫ್ರಿಕಾದಲ್ಲಿ ಒಂದು ಕಾರ್ಡ್ ಮಾಡಿದ್ದಾರೆ. ಹೆಸರು ಫಮಾಚಾ. ಅಲ್ಲಿನ ಪಶುವೈದ್ಯ ಫಫಾ ಮಲಾನ್ ಅವರ ಹೆಸರಿನ ಮೊದಲಕ್ಷರಗಳಿಗೆ ಚಾರ್ಟ್ ಸೇರಿಸಿ ಆದ ಹೆಸರು. ಅದರಲ್ಲಿ ಐದು ಬಣ್ಣ ಇವೆ. ಒಂದನೆಯದು ಚೆಂದದ ಕೆಂಪು, ಎರಡನೆಯದು ಕೆಂಪು ಮಿಶ್ರಿತ ಗುಲಾಬಿ, ಮೂರನೆಯದು ಗುಲಾಬಿ, ನಾಲ್ಕನೆಯದು ಬಿಳಿಚಿದ ಗುಲಾಬಿ, ಐದನೆಯದು ಕಾಗದದಂಥ ಬಿಳಿ.

ಒಂದು, ಎರಡು ಬಂದರೆ ಔಷಧಿ ಬೇಡ. ನಾಲ್ಕು, ಐದು ಬಂದರೆ ಅವತ್ತೇ ಚಿಕಿತ್ಸೆ. ಮೂರು ಬಂದರೆ ಯೋಚಿಸಿ. ಮರಿ, ಗಬ್ಬದ ಕುರಿ, ಈದ ಕುರಿ, ಬೆನ್ನುಮೂಳೆ ಎದ್ದು ಕಾಣುವ ಬಡಕಲು ಕುರಿ ಆದರೆ ಮೂರಕ್ಕೇ ಚಿಕಿತ್ಸೆ ಮಾಡಿ. ಕೊಬ್ಬಿದ ಟಗರಾದರೆ ವಾರ ಬಿಟ್ಟು ಮತ್ತೆ ನೋಡಬಹುದು. ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆ, ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ನೋಡಿದರೆ ನಡೆಯುತ್ತದೆ. ಕಾರ್ಡ್ ಸಿಗಲಿಲ್ಲವೇ? ಮಂದೆಯಲ್ಲಿ ಎಲ್ಲಕ್ಕಿಂತ ಗಟ್ಟಿಮುಟ್ಟಾದ ಕುರಿಯ ರೆಪ್ಪೆ ಮೊದಲು ನೋಡಿಕೊಂಡು ಉಳಿದವನ್ನು ಅದಕ್ಕೆ ಹೋಲಿಸಿ. ಕಾರ್ಡಿನಷ್ಟು ಖಚಿತ ಅಲ್ಲ, ಆದರೂ ತೀರಾ ಬಿಳಿಚಿದ್ದು ಗೊತ್ತಾಗಿಯೇ ಆಗುತ್ತದೆ.

ಎರಡು ಕಡೆ ಈ ಪರೀಕ್ಷೆ ಮೋಸ ಮಾಡುತ್ತದೆ. ಧೂಳು, ಕಣ್ಣುಬೇನೆ ಇದ್ದರೆ ರಕ್ತ ಕಡಿಮೆಯಿದ್ದರೂ ರೆಪ್ಪೆ ಕೆಂಪಾಗಿಯೇ ಕಾಣುತ್ತದೆ. ಇನ್ನೊಂದು, ಬಿಳಿಚಿದ್ದಕ್ಕೆಲ್ಲ ಹೀಮಾಂಕಸ್ ಒಂದೇ ಕಾರಣ ಅಲ್ಲ. ಉಣ್ಣಿ, ಅಂದರೆ ಉಣುಗು ವಿಪರೀತ ಹತ್ತಿದ್ದರೆ, ಉಣ್ಣಿಯಿಂದ ಬರುವ ರಕ್ತದ ರೋಗ ಇದ್ದರೆ, ಕೆರೆಯಂಗಳದಲ್ಲಿ ಮೇಯ್ದು ಲಿವರ್ ಫ್ಲೂಕ್ ಎನ್ನುವ ಚಪ್ಪಟೆ ಹುಳ ಸೇರಿದ್ದರೆ ಕೂಡ ರೆಪ್ಪೆ ಬಿಳಿಯಾಗುತ್ತದೆ. ಕಿವಿಯ ಒಳಗೆ, ಬಾಲದ ಬುಡದಲ್ಲಿ, ತೊಡೆಸಂದಿಯಲ್ಲಿ ಒಮ್ಮೆ ಕೈಯಾಡಿಸಿ ಉಣ್ಣಿ ಇದೆಯಾ ನೋಡಿಬಿಡಿ. ರೆಪ್ಪೆ ಬಿಳಿಯಾಗುವ ಬದಲು ಹಳದಿಯಾಗಿದ್ದರೆ ಅದು ಕಾಮಾಲೆ. ಡಾಕ್ಟರ ಕೆಲಸ.

ಐದನೇ ಬಣ್ಣದ ಕುರಿಯನ್ನು ಅಟ್ಟಬೇಡಿ, ಆಟೋದಲ್ಲಿ ಒತ್ತೊತ್ತಿ ತುಂಬಬೇಡಿ. ಅದರ ಮೈಯಲ್ಲಿ ಉಸಿರು ಹೊರುವಷ್ಟು ರಕ್ತ ಇಲ್ಲ. ಹಿಡಿಯಲು ಓಡಿಸಿದ ಗಾಬರಿಗೇ ಬಿದ್ದು ಸಾಯಬಹುದು. ಇದ್ದಲ್ಲೇ ನೆರಳು, ನೀರು, ಒಳ್ಳೆ ಮೇವು, ಒಂದಿಷ್ಟು ಹಿಂಡಿ ಕೊಟ್ಟು ವೈದ್ಯರನ್ನೇ ಕರೆಸಿ.

ಲಕ್ಷಣ: ಗದ್ದದ ಕೆಳಗೆ ಚೀಲದ ಹಾಗೆ ಊತ

ಸಂಜೆ ಮಂದೆ ರೊಪ್ಪಕ್ಕೆ ಬರುವಾಗ ನೋಡಿ. ಕೆಳದವಡೆಯ ಎರಡು ಎಲುಬಿನ ನಡುವೆ ನೀರು ತುಂಬಿದ ಚೀಲ ನೇತಾಡಿದ ಹಾಗೆ ಇರುತ್ತದೆ. ಬೆರಳಿಂದ ಒತ್ತಿದರೆ ಮೆತ್ತಗೆ ಒಳಗೆ ಹೋಗಿ, ಬೆರಳು ತೆಗೆದ ಮೇಲೂ ಗುಳಿ ಸ್ವಲ್ಪ ಹೊತ್ತು ಉಳಿಯುತ್ತದೆ. ಬಿಸಿ ಇರುವುದಿಲ್ಲ, ಒತ್ತಿದರೆ ಕುರಿ ಕೊಸರುವುದಿಲ್ಲ. ಬೆಳಗ್ಗೆ ನೋಡಿದರೆ ಊತ ಇಳಿದಿರುತ್ತದೆ. "ತಾನೇ ವಾಸಿಯಾಯ್ತು" ಎಂದು ಬಿಟ್ಟೀರಿ ಜೋಕೆ. ರಾತ್ರಿಯೆಲ್ಲ ತಲೆ ಎತ್ತಿ ಮಲಗಿದ್ದಕ್ಕೆ ನೀರು ಇಳಿದದ್ದು ಅಷ್ಟೇ. ಹಗಲು ತಲೆ ತಗ್ಗಿಸಿ ಮೇಯ್ದರೆ ಸಂಜೆಗೆ ಮತ್ತೆ ತುಂಬುತ್ತದೆ.

ಇದರ ಅರ್ಥ: ರಕ್ತದ ಜೊತೆ ಅದರೊಳಗಿನ ಪ್ರೋಟೀನೂ ಸೋರಿಹೋಗಿದೆ, ಅದಕ್ಕೇ ನೀರು ರಕ್ತನಾಳದಲ್ಲಿ ನಿಲ್ಲದೆ ಚರ್ಮದಡಿಗೆ ಇಳಿಯುತ್ತಿದೆ. ಹುಳದ ಕಾಟ ಮುಂದುವರಿದಿದೆ ಎಂದು. ಆ ಕ್ಷಣವೇ ರೆಪ್ಪೆ ನೋಡಿ. ರೆಪ್ಪೆಯೂ ಬಿಳಿ ಇದ್ದರೆ ಹೀಮಾಂಕಸ್ ಅಥವಾ ಲಿವರ್ ಫ್ಲೂಕ್, ಇಲ್ಲವೇ ಎರಡೂ. ಇವೆರಡಕ್ಕೂ ಔಷಧಿ ಬೇರೆ ಬೇರೆ. ಐವರ್ಮೆಕ್ಟಿನ್ ಎಂಬ ಹುಳದ ಔಷಧಿ ಫ್ಲೂಕ್ ಹುಳವನ್ನು ಮುಟ್ಟುವುದೂ ಇಲ್ಲ. ಕೆರೆ, ಗದ್ದೆ ಬಯಲಿನಲ್ಲಿ ಮೇಯ್ದ ಮಂದೆಯಾದರೆ ಅದನ್ನು ವೈದ್ಯರಿಗೆ ಮೊದಲೇ ಹೇಳಿ.

ಊತ ಗಟ್ಟಿಯಾಗಿ, ಬಿಸಿಯಾಗಿ, ಮುಟ್ಟಿದರೆ ನೋವಾಗುವಂತೆ ಇದ್ದು ಉಸಿರಾಟ ಗೊರಗೊರ ಅಂದರೆ ಅದು ಗಳಲೆ ಇರಬಹುದು. ತುಟಿ, ಮೂತಿಯೆಲ್ಲ ಬಾತು ಜ್ವರ ಇದ್ದರೆ ನೀಲಿ ನಾಲಿಗೆ. ಆಗ ಗಂಟೆಗಳ ಲೆಕ್ಕ. ಒಂದೇ ಕಡೆ ಗಟ್ಟಿ ಗಂಟಾಗಿದ್ದರೆ ಕೀವುಗಂಟು. ಅದಕ್ಕೂ ಹುಳಕ್ಕೂ ಸಂಬಂಧ ಇಲ್ಲ.

ಲಕ್ಷಣ: ಭೇದಿ, ಹಿಂಭಾಗವೆಲ್ಲ ಮೆತ್ತಿಕೊಂಡಿದೆ

ಮೊದಲು ಮೇವು ನೆನಪಿಸಿಕೊಳ್ಳಿ. ಒಣ ಮೇವಿನಿಂದ ಏಕಾಏಕಿ ಎಳೆ ಹುಲ್ಲಿಗೆ ಬಿಟ್ಟಿದ್ದರೆ ಎರಡು ಮೂರು ದಿನ ಹಿಕ್ಕೆ ತೆಳುವಾಗುವುದು ಸಹಜ. ಒಣ ಹುಲ್ಲು ಜೊತೆಗೆ ಹಾಕಿ ನೋಡಿ. ರಾಗಿಯೋ ಜೋಳವೋ ಕದ್ದು ತಿಂದಿದ್ದರೆ ಅದು ಹೊಟ್ಟೆ ಹುಳಿಯಾದದ್ದು. ಮಂಕಾಗಿ ಬಿದ್ದಿದ್ದರೆ ತಕ್ಷಣ ವೈದ್ಯರು ಬೇಕು.

ಮೇವು ಬದಲಾಗಿಲ್ಲ, ಭೇದಿ ವಾರದಿಂದ ಇದೆ, ರೆಪ್ಪೆ ಮಾತ್ರ ಅಷ್ಟೇನೂ ಬಿಳಿಚಿಲ್ಲ ಎಂದರೆ ಕರುಳಿನ ಬೇರೆ ದುಂಡುಹುಳಗಳ ಅನುಮಾನ. ಟ್ರೈಕೋಸ್ಟ್ರಾಂಜೈಲಸ್, ಈಸೊಫಗೋಸ್ಟೋಮಮ್ ಎಂಬುವು ರಕ್ತ ಹೀರುವುದಕ್ಕಿಂತ ಕರುಳಿನ ಗೋಡೆ ಕೆಡಿಸುವುದೇ ಹೆಚ್ಚು. ಅವಕ್ಕೆ ರೆಪ್ಪೆ ಪರೀಕ್ಷೆ ಸಾಲದು, ಹಿಕ್ಕೆ ಪರೀಕ್ಷೆ ಬೇಕು. ಒಂದರಿಂದ ನಾಲ್ಕೈದು ತಿಂಗಳ ಮರಿಗಳಲ್ಲಿ ರಕ್ತ ಮಿಶ್ರಿತ ಭೇದಿ ಕಂಡರೆ ಕಾಕ್ಸಿಡಿಯಾ ಇರುವ ಸಂಭವ ಜಾಸ್ತಿ. ಅದು ಹುಳವೇ ಅಲ್ಲ, ಕಣ್ಣಿಗೆ ಕಾಣದ ಏಕಕೋಶ ಜೀವಿ, ಅದಕ್ಕೆ ಹುಳದ ಔಷಧಿ ನಾಟುವುದಿಲ್ಲ.

ಲಕ್ಷಣ: ಹಿಕ್ಕೆಯಲ್ಲಿ ಅಕ್ಕಿಕಾಳಿನಂಥ ಬಿಳಿ ಚೂರು

ನಾವು ಎಲ್ಲಕ್ಕಿಂತ ಜಾಸ್ತಿ ಗಾಬರಿ ಬೀಳುವುದು ಇದಕ್ಕೇ. ಇದು ಲಾಡಿಹುಳದ ತುಂಡು, ದುಂಡುಹುಳ ಅಲ್ಲ. ದೊಡ್ಡ ಕುರಿಗೆ ಇದರಿಂದ ತೊಂದರೆ ಕಡಿಮೆ. ಮರಿಗಳು ಹೊಟ್ಟೆ ಉಬ್ಬಿ ಬೆಳೆಯದೆ ಇದ್ದರೆ ಚಿಕಿತ್ಸೆ ಮಾಡಿ. ಬಿಳಿ ಚೂರು ಹೋಯಿತು ಎಂದರೆ ಹೀಮಾಂಕಸ್ ಹೋಯಿತು ಎಂದೇನಲ್ಲ.

ಹಿಕ್ಕೆ ಪರೀಕ್ಷೆಗೆ ಕಳಿಸುವುದು

ರೆಪ್ಪೆ ನೋಡಿಯೂ ಅನುಮಾನ ಉಳಿದರೆ ಮುಂದಿನ ಹೆಜ್ಜೆ ಇದು. ನೆಲದ ಮೇಲೆ ಬಿದ್ದ ಹಿಕ್ಕೆ ತರಬೇಡಿ. ಚಿಕ್ಕ ಪ್ಲಾಸ್ಟಿಕ್ ಕವರನ್ನು ಕೈಗವಸಿನಂತೆ ಬೆರಳಿಗೆ ಹಾಕಿ ಗುದದಿಂದಲೇ ಹತ್ತು ಉಂಡೆ ತೆಗೆಯಿರಿ. ಕವರನ್ನು ಹಾಗೇ ಒಳಹೊರಗು ಮಾಡಿ, ಗಾಳಿ ಹಿಂಡಿ ಗಂಟು ಹಾಕಿ. ಕುರಿಯ ಗುರುತು ಬರೆಯಿರಿ. ತಣ್ಣಗಿಟ್ಟು ಅದೇ ದಿನ ಪಶು ಆಸ್ಪತ್ರೆಗೆ ತಲುಪಿಸಿ. ಸೆಖೆಯಲ್ಲಿ ಒಂದು ದಿನ ಬಿಟ್ಟರೂ ಮೊಟ್ಟೆ ಒಡೆದು ಮರಿಹುಳ ಹೊರಬರುತ್ತದೆ, ಲೆಕ್ಕ ಸಿಗುವುದಿಲ್ಲ. ಎಂಟು ಹತ್ತು ಕುರಿಗಳದ್ದು ಬೇರೆ ಬೇರೆ ಕವರಿನಲ್ಲಿ ಕೊಟ್ಟರೆ ಮಂದೆಯ ಸ್ಥಿತಿ ತಿಳಿಯುತ್ತದೆ. ಔಷಧಿ ಹಾಕುವ ಮುಂಚೆಯೇ ತೆಗೆಯಬೇಕು, ಇದನ್ನು ಮರೆಯಬೇಡಿ.

ಒಂದು ಗ್ರಾಂ ಹಿಕ್ಕೆಯಲ್ಲಿ ಎಷ್ಟು ಮೊಟ್ಟೆ ಎಂಬ ಸಂಖ್ಯೆ ಕೊಡುತ್ತಾರೆ. ಸಂಖ್ಯೆ ಕಡಿಮೆ ಬಂದಿದೆ, ಆದರೆ ರೆಪ್ಪೆ ಬಿಳಿ ಇದೆ ಎಂದರೆ ರೆಪ್ಪೆಯನ್ನೇ ನಂಬಿ. ಹುಳ ಹೊಟ್ಟೆ ಸೇರಿ ಮೊಟ್ಟೆ ಇಡಲು ಸುಮಾರು ಮೂರು ವಾರ ಬೇಕು. ರಕ್ತ ಕುಡಿಯಲು ಅದು ಅಷ್ಟು ದಿನ ಕಾಯುವುದಿಲ್ಲ.

ಲಕ್ಷಣ: ಔಷಧಿ ಹಾಕಿದೆ, ಆದರೂ ಸುಧಾರಿಸಿಲ್ಲ

ನನ್ನ ಮೂರು ಕುರಿ ಸತ್ತದ್ದು ಇಲ್ಲೇ. ಹುಳ ಔಷಧಿಗೆ ಬಗ್ಗುತ್ತಿಲ್ಲ ಎಂದು ತೀರ್ಮಾನಿಸುವ ಮುಂಚೆ ನಮ್ಮ ಕೈ ತಪ್ಪನ್ನು ನೋಡಿಕೊಳ್ಳಬೇಕು.

ಮೊದಲನೆಯದು ತೂಕ. ಕಣ್ಣಂದಾಜಿನಲ್ಲಿ ನಾವು ಯಾವಾಗಲೂ ಕಡಿಮೆಯನ್ನೇ ಹೇಳುತ್ತೇವೆ. ನೇತುಹಾಕುವ ತಕ್ಕಡಿ ಒಂದು ತಂದುಕೊಳ್ಳಿ. ಲೆಕ್ಕ ಒಂದು ನೋಡಿ. ಆಲ್ಬೆಂಡಜೋಲ್ ಎಂಬ ಹುಳದ ಔಷಧಿ ಕುರಿಗೆ ಕಿಲೋಗೆ 7.5 ಮಿಲಿಗ್ರಾಂ ಎಂದು ವೈದ್ಯರು ಹೇಳಿದರು ಎನ್ನಿ. 30 ಕಿಲೋ ಕುರಿಗೆ 225 ಮಿಲಿಗ್ರಾಂ ಬೇಕು. ಬಾಟಲಿ ಶೇ 2.5ರದ್ದಾದರೆ ಒಂದು ಮಿಲಿಯಲ್ಲಿ 25 ಮಿಲಿಗ್ರಾಂ ಇರುತ್ತದೆ. ಅಂದರೆ 9 ಮಿಲಿ. ನಾನು ಎಲ್ಲಕ್ಕೂ 5 ಮಿಲಿ ಹಾಕುತ್ತಿದ್ದೆ. ಅರ್ಧಂಬರ್ಧ ಔಷಧಿಗೆ ಬಡ ಹುಳ ಸತ್ತು ಗಟ್ಟಿ ಹುಳ ಉಳಿಯಿತು, ಅದರ ಸಂತಾನವೇ ಬೆಳೆಯಿತು. ಇದೇ ಔಷಧಿ ಶೇ 10ರ ಬಾಟಲಿಯಲ್ಲೂ ಬರುತ್ತದೆ. ಅದನ್ನು ಗಮನಿಸದೆ ಅದೇ 9 ಮಿಲಿ ಹಾಕಿದರೆ ನಾಲ್ಕು ಪಟ್ಟು ಆಗುತ್ತದೆ. ಲೇಬಲ್ ಓದದೆ ಕುಡಿಸಬೇಡಿ.

ಎರಡನೆಯದು ಮೇಕೆ. ಮೇಕೆಯ ಮೈ ಕೆಲವು ಔಷಧಿಗಳನ್ನು ಕುರಿಗಿಂತ ಬೇಗ ಕರಗಿಸಿಬಿಡುತ್ತದೆ. ಕುರಿಯ ಅಳತೆ ಮೇಕೆಗೆ ಸಾಲುವುದಿಲ್ಲ. ಹಾಗಂತ ನೀವೇ ಜಾಸ್ತಿ ಮಾಡಬೇಡಿ. ಲೆವಮಿಸೋಲ್ ಥರದ್ದು ಸ್ವಲ್ಪ ಹೆಚ್ಚಾದರೂ ಮೇಕೆಗೆ ವಿಷ. ಮೇಕೆಯ ಅಳತೆಯನ್ನು ಬೇರೆಯಾಗಿಯೇ ಕೇಳಿ ಬರೆಸಿಕೊಳ್ಳಿ.

ಮೂರನೆಯದು ಕುಡಿಸುವ ರೀತಿ. ತಲೆಯನ್ನು ಮೇಲಕ್ಕೆತ್ತಿ ಸುರಿದರೆ ಔಷಧಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಕೆಮ್ಮಿ, ಮೂಗಲ್ಲಿ ಸುರಿದು, ಒಂದೆರಡು ದಿನದಲ್ಲಿ ಪ್ರಾಣಕ್ಕೇ ಬರುತ್ತದೆ. ಮೂತಿ ನೆಲಕ್ಕೆ ಸಮನಾಗಿರಲಿ. ಬಾಯಿಯ ಮೂಲೆಯಿಂದ ಸಿರಿಂಜ್ ತೂರಿಸಿ ನಾಲಿಗೆಯ ಹಿಂಭಾಗಕ್ಕೆ ಮೆಲ್ಲಗೆ ಬಿಡಿ, ನುಂಗಲು ಸಮಯ ಕೊಡಿ. ಬಾಟಲಿಯನ್ನು ಚೆನ್ನಾಗಿ ಅಲ್ಲಾಡಿಸಿದಿರಾ? ತಾರೀಖು ಮುಗಿದಿಲ್ಲ ತಾನೆ? ಬಿಸಿಲಲ್ಲಿ ಇಟ್ಟಿರಲಿಲ್ಲ ತಾನೆ?

ಗಬ್ಬದ ಮೊದಲ ತಿಂಗಳಲ್ಲಿ ಆಲ್ಬೆಂಡಜೋಲ್ ಹಾಕಬಾರದು, ಹೊಟ್ಟೆಯ ಮರಿಗೆ ಅಪಾಯ. ಔಷಧಿ ಹಾಕಿದ ಮೇಲೆ ಎಷ್ಟು ದಿನ ಹಾಲು, ಮಾಂಸ ಬಳಸಬಾರದು ಎಂದು ಲೇಬಲ್ ಮೇಲೆ ಇರುತ್ತದೆ. ಹಬ್ಬ ಹತ್ತಿರ ಬಂತು ಎಂದು ಅದನ್ನು ಮುರಿಯಬೇಡಿ.

ಇನ್ನು ಮನೆಮದ್ದು. ಹಿಂದೆ ಮೈಲುತುತ್ತದ ನೀರು ಕುಡಿಸುತ್ತಿದ್ದರು. ಮೈಲುತುತ್ತದಲ್ಲಿ ಇರುವುದು ತಾಮ್ರ, ಕುರಿಗೆ ತಾಮ್ರ ತಡೆಯುವ ಶಕ್ತಿ ಬಹಳ ಕಡಿಮೆ. ಹುಳಕ್ಕಿಂತ ಮೊದಲು ಕುರಿಯೇ ಹೋಗಬಹುದು. ಹೊಗೆಸೊಪ್ಪಿನ ನೀರೂ ಹಾಗೆಯೇ. ದಯವಿಟ್ಟು ಬೇಡ.

ಇಷ್ಟೆಲ್ಲ ಸರಿಯಿದ್ದೂ ಸುಧಾರಿಸದಿದ್ದರೆ ಹುಳ ಆ ಔಷಧಿಗೆ ಒಗ್ಗಿದೆಯಾ ಎಂದು ಪರೀಕ್ಷಿಸಬೇಕು. ಔಷಧಿ ಹಾಕುವ ದಿನ ಒಮ್ಮೆ, 10ರಿಂದ 14 ದಿನದೊಳಗೆ ಇನ್ನೊಮ್ಮೆ, ಅದೇ ಕುರಿಗಳ ಹಿಕ್ಕೆ ಕೊಡಿ. ಮೊದಲು 2,000 ಮೊಟ್ಟೆ ಇದ್ದರೆ ಎರಡನೇ ಸಲ 100ಕ್ಕಿಂತ ಕೆಳಗೆ ಬರಬೇಕು. ಅಂದರೆ ಶೇ 95 ಇಳಿಯಬೇಕು. 800 ಉಳಿದಿದ್ದರೆ ಆ ಔಷಧಿ ನಿಮ್ಮ ಮಂದೆಯಲ್ಲಿ ಕೈಕೊಟ್ಟಿದೆ. ಹೆಸರು ಬೇರೆ, ಗುಂಪು ಒಂದೇ ಇರುವ ಔಷಧಿ ತಂದರೆ ಉಪಯೋಗ ಇಲ್ಲ. ಆಲ್ಬೆಂಡಜೋಲ್ ಬದಲು ಫೆನ್‌ಬೆಂಡಜೋಲ್ ತರುವುದು ಅಂಗಿ ಬದಲಿಸಿದ ಹಾಗೆ, ಆಳು ಅದೇ. ಯಾವ ಗುಂಪಿಗೆ ಹೋಗಬೇಕು ಎಂದು ವೈದ್ಯರೇ ಹೇಳಬೇಕು.

ಇದು ಹೊಸ ಕಥೆಯಲ್ಲ. ಆಲ್ಬೆಂಡಜೋಲ್ ಗುಂಪಿನ ಮೊದಲ ಔಷಧಿ ಥಯಾಬೆಂಡಜೋಲ್ ಮಾರುಕಟ್ಟೆಗೆ ಬಂದದ್ದು 1961ರಲ್ಲಿ. 1964ರಲ್ಲೇ ಅದಕ್ಕೆ ಬಗ್ಗದ ಹೀಮಾಂಕಸ್ ಅಮೆರಿಕದಲ್ಲಿ ವರದಿಯಾಯಿತು. ಜಪಾನಿನ ಮಣ್ಣಿನ ಸೂಕ್ಷ್ಮಜೀವಿಯಿಂದ ಐವರ್ಮೆಕ್ಟಿನ್ ಬಂದಾಗ ಎಲ್ಲರೂ ನಿಟ್ಟುಸಿರು ಬಿಟ್ಟರು. ಅದನ್ನು ಕಂಡುಹಿಡಿದ ಸತೋಶಿ ಒಮುರಾ, ವಿಲಿಯಂ ಕ್ಯಾಂಪ್‌ಬೆಲ್ ಅವರಿಗೆ 2015ರಲ್ಲಿ ನೊಬೆಲ್ ಕೂಡ ಬಂತು. ಅದಕ್ಕೂ ಹುಳ ಒಗ್ಗಿತು. ಹೊಸ ಔಷಧಿ ಬರುವುದು ಅಪರೂಪ, ಇರುವುದನ್ನು ಉಳಿಸಿಕೊಳ್ಳುವುದೇ ದಾರಿ.

ಅದಕ್ಕೇ ಮಂದೆಗೆಲ್ಲ ಒಟ್ಟಿಗೆ ಔಷಧಿ ಹಾಕಬೇಡಿ ಎನ್ನುವುದು. ಮಂದೆಯ ಹುಳದಲ್ಲಿ ಬಹುಪಾಲು ಇರುವುದು ಕೆಲವೇ ಕುರಿಗಳಲ್ಲಿ, ನೂರಕ್ಕೆ ಇಪ್ಪತ್ತು ಮೂವತ್ತರಲ್ಲಿ. ಅವನ್ನು ರೆಪ್ಪೆ ನೋಡಿ ಹುಡುಕಿ, ಅವಕ್ಕಷ್ಟೇ ತುಂಬು ಅಳತೆ ಹಾಕಿ. ಉಳಿದ ಕುರಿಗಳಲ್ಲಿ ಔಷಧಿ ಕಾಣದ ಹುಳ ಒಂದಿಷ್ಟು ಉಳಿಯಲಿ. ಅವು ಗಟ್ಟಿ ಹುಳದ ಜೊತೆ ಬೆರೆತರೆ ಔಷಧಿಗೆ ಬಗ್ಗುವ ಸಂತಾನ ಮುಂದುವರಿಯುತ್ತದೆ. ಕೇಳುವುದಕ್ಕೆ ಉಲ್ಟಾ ಅನ್ನಿಸುತ್ತದೆ, ಅಲ್ವಾ? ನನಗೂ ಮೊದಲು ಕೈ ಬರಲಿಲ್ಲ. ಪದೇ ಪದೇ ನಾಲ್ಕನೇ, ಐದನೇ ಬಣ್ಣ ತೋರಿಸುವ ಕುರಿಯನ್ನು ತಳಿಗೆ ಉಳಿಸಿಕೊಳ್ಳಬೇಡಿ.

ಲಕ್ಷಣ: ಎಳೆಗರುವಿಗೆ ಡೊಳ್ಳು ಹೊಟ್ಟೆ, ಜೇಡಿಮಣ್ಣಿನ ಬಣ್ಣದ ಭೇದಿ

ಎಮ್ಮೆ ಕರುಗಳಲ್ಲಿ ಇದು ಬಹಳ. ಹಸುವಿನ ಕರುವಿಗೂ ಬರುತ್ತದೆ. ಕೂದಲು ಒರಟಾಗಿ ನಿಂತಿರುತ್ತದೆ, ಸಗಣಿ ವಿಪರೀತ ವಾಸನೆ, ಬಾಯಿಂದಲೂ ಒಂಥರಾ ಹುಳಿ ವಾಸನೆ. ಟಾಕ್ಸೊಕಾರ ವಿಟುಲೋರಮ್ ಎನ್ನುವ ದೊಡ್ಡ ದುಂಡುಹುಳ ಇದು. ಗೇಣುದ್ದಕ್ಕಿಂತ ಹೆಚ್ಚು, 30 ಸೆಂಟಿಮೀಟರ್‌ವರೆಗೂ ಬೆಳೆಯುತ್ತದೆ. ಮೇವೇ ಮುಟ್ಟದ ಕರುವಿಗೆ ಇದು ಹೇಗೆ ಬಂತು? ತಾಯಿಯ ಹಾಲಿನಲ್ಲಿ. ತಾಯಿಯ ಮೈಯಲ್ಲಿ ಮಲಗಿದ್ದ ಮರಿಹುಳ ಕರು ಹಾಕುವ ಹೊತ್ತಿಗೆ ಎದ್ದು ಕೆಚ್ಚಲಿಗೆ ಬರುತ್ತದೆ.

ಇದನ್ನು ಕೇಳಿ ಗಿಣ್ಣುಹಾಲು ನಿಲ್ಲಿಸಬೇಡಿ. ಗಿಣ್ಣು ಸಿಗದ ಕರು ಹುಳಕ್ಕಿಂತ ಮೊದಲು ಬೇರೆ ಸೋಂಕಿಗೆ ಸಾಯುತ್ತದೆ. ಹುಟ್ಟಿದ 10ರಿಂದ 16ನೇ ದಿನದೊಳಗೆ ಪಶುವೈದ್ಯರಿಂದ ಮೊದಲ ಹುಳದ ಔಷಧಿ ಹಾಕಿಸಿದರೆ ಹುಳ ಮೊಟ್ಟೆ ಇಡುವ ಮುಂಚೆಯೇ ಹೋಗುತ್ತದೆ. ಹೊಟ್ಟೆ ಈಗಾಗಲೇ ಡೊಳ್ಳಾಗಿದ್ದರೆ ನೀವೇ ಔಷಧಿ ಹಾಕಬೇಡಿ. ಹುಳ ಒಟ್ಟಿಗೆ ಸತ್ತು ಗಂಟಾಗಿ ಕರುಳು ಕಟ್ಟಬಹುದು. ಸಗಣಿ ನಿಂತು, ಕರು ಹೊಟ್ಟೆಯತ್ತ ತಿರುಗಿ ತಿರುಗಿ ನೋಡುತ್ತಾ ಒದೆಯುತ್ತಿದ್ದರೆ ತುರ್ತು.

ಲಕ್ಷಣ: ನಾಯಿಮರಿ ಶಾವಿಗೆಯಂಥ ಹುಳ ವಾಂತಿ ಮಾಡಿತು

ನಾಯಿಮರಿಗೆ ಹುಳ ತಾಯಿಯ ಗರ್ಭದಲ್ಲೇ ಸೇರಿರುತ್ತದೆ. ಹಾಗಾಗಿ ಮನೆಯೊಳಗೇ ಸಾಕಿದ ಮರಿಗೂ ಇರುತ್ತದೆ. ಎರಡು ವಾರದ ವಯಸ್ಸಿಗೇ ಔಷಧಿ ಶುರು ಮಾಡಿ ಎಂಟು ವಾರದವರೆಗೆ ಎರಡೆರಡು ವಾರಕ್ಕೆ ಹಾಕಿಸಬೇಕು. ತಾಯಿ ನಾಯಿಗೂ ಜೊತೆಗೆ. ಒಸಡು ಬಿಳಿಚಿ, ಮಲ ಟಾರಿನಂತೆ ಕಪ್ಪಾಗಿದ್ದರೆ ಅದು ಕೊಕ್ಕೆಹುಳ. ಅದೂ ರಕ್ತ ಕುಡಿಯುವುದೇ. ಎಳೆ ಮರಿ ಒಂದೆರಡು ದಿನದಲ್ಲಿ ಹೋಗಿಬಿಡಬಹುದು, ಅವತ್ತೇ ಕರೆದೊಯ್ಯಿರಿ.

ದನಕ್ಕೆ ತಂದ ಐವರ್ಮೆಕ್ಟಿನ್ ಇಂಜೆಕ್ಷನ್ ಉಳಿದಿದೆ ಎಂದು ನಾಯಿಗೆ ಚುಚ್ಚಬೇಡಿ. ಕಾಲಿ ಜಾತಿಯ ನಾಯಿಗಳಿಗೆ, ಅವುಗಳ ಬೆರಕೆಗೆ ಅದು ಮಿದುಳಿಗೇ ಏರಿ ಪ್ರಾಣ ತೆಗೆಯಬಹುದು.

ಮನೆಯಲ್ಲಿ ಮಕ್ಕಳಿದ್ದರೆ ಇನ್ನೊಂದು ಮಾತು. ನಾಯಿ ಮಲದ ಮೊಟ್ಟೆ ಮಣ್ಣಿನಲ್ಲಿ ಎರಡು ಮೂರು ವಾರ ಕಳೆದ ಮೇಲೆ ಸೋಂಕು ತರುತ್ತದೆ. ಮಣ್ಣಾಡಿದ ಕೈಯಿಂದ ಮಗುವಿನ ಹೊಟ್ಟೆ ಸೇರಿದರೆ ಮರಿಹುಳ ಮೈಯೆಲ್ಲ ಅಲೆದಾಡಿ ಕಣ್ಣಿಗೂ ಹೋಗಬಹುದು, ದೃಷ್ಟಿ ಕೆಡಬಹುದು. ಮಲವನ್ನು ಅವತ್ತಿನದು ಅವತ್ತೇ ತೆಗೆಯಿರಿ. ಮನೆ ಕಟ್ಟಲು ತಂದ ಮರಳಿನ ಗುಡ್ಡೆಗೆ ಹೊದಿಕೆ ಹಾಕಿ, ನಾಯಿ ಬೆಕ್ಕಿಗೆ ಅದೇ ಪಾಯಖಾನೆ, ಮಕ್ಕಳಿಗೆ ಅದೇ ಆಟದ ಜಾಗ. ಮಗುವಿನ ಕಣ್ಣು ಮಂಜಾದರೆ, ಮಾಲುಗಣ್ಣಾದರೆ ಕಣ್ಣಿನ ಡಾಕ್ಟರಿಗೆ ನಾಯಿಮರಿಯ ವಿಷಯವನ್ನೂ ಹೇಳಿ.

ಲಕ್ಷಣ: ಮೇಕೆಯ ಸೊಂಟ ಇದ್ದಕ್ಕಿದ್ದಂತೆ ಬಿದ್ದುಹೋಯಿತು

ಮೇಯುತ್ತದೆ, ಜ್ವರ ಇಲ್ಲ, ಹಿಂಗಾಲು ಮಾತ್ರ ಎಳೆಯುತ್ತದೆ. ದನದ ಹೊಟ್ಟೆಯಲ್ಲಿ ಸುಮ್ನೆ ಇರುವ ಸೆಟೇರಿಯಾ ಎಂಬ ಹುಳದ ಮರಿ ಸೊಳ್ಳೆಯ ಮೂಲಕ ಮೇಕೆ, ಕುರಿ, ಕುದುರೆಗೆ ಬಂದು ದಾರಿ ತಪ್ಪಿ ಬೆನ್ನುಹುರಿ ಸೇರಿದರೆ ಹೀಗಾಗುತ್ತದೆ. ಆದರೆ ಹುಚ್ಚುನಾಯಿ ರೋಗವೂ ಹೀಗೇ ಶುರುವಾಗಬಹುದು. ಬಾಯಿಗೆ ಕೈ ಹಾಕಬೇಡಿ, ಔಷಧಿ ಕುಡಿಸಬೇಡಿ. ಬೇರೆ ಕಟ್ಟಿ ವೈದ್ಯರನ್ನು ಕರೆಯಿರಿ.

ಲಕ್ಷಣ: ವಾಸಿಯಾಗುತ್ತದೆ, ತಿಂಗಳಿಗೆ ಮತ್ತೆ ಬರುತ್ತದೆ

ಹುಳದ ಅರ್ಧ ಬಾಳು ಹುಲ್ಲಿನಲ್ಲಿದೆ. ಒಂದು ಹೆಣ್ಣು ಹೀಮಾಂಕಸ್ ದಿನಕ್ಕೆ 5,000ದಿಂದ 10,000 ಮೊಟ್ಟೆ ಇಡುತ್ತದೆ. ಮಳೆಗಾಲದ ಬೆಚ್ಚನೆ ತೇವದಲ್ಲಿ ಒಂದು ವಾರದೊಳಗೆ ಅವು ಸೋಂಕು ತರುವ ಮರಿಹುಳವಾಗಿ, ಇಬ್ಬನಿಯ ಪದರದಲ್ಲಿ ಈಜಿ ಹುಲ್ಲು ಹತ್ತುತ್ತವೆ. ಬಹಳ ಮೇಲಕ್ಕೇನೂ ಹೋಗುವುದಿಲ್ಲ. ಹೆಚ್ಚಿನವು ನೆಲದಿಂದ ನಾಲ್ಕು ಬೆರಳಿನಷ್ಟರಲ್ಲೇ ಇರುತ್ತವೆ. ಆದ್ದರಿಂದ ಇಬ್ಬನಿ ಆರಿದ ಮೇಲೆ ಮಂದೆ ಬಿಡಿ. ಹುಲ್ಲು ನೆಲ ಕಚ್ಚುವಷ್ಟು ಒಂದೇ ಕಡೆ ಮೇಯಿಸಬೇಡಿ. ಮೇಕೆಗೆ ಪೊದೆ, ಮರದ ಸೊಪ್ಪು ಸಿಕ್ಕಷ್ಟೂ ಒಳ್ಳೆಯದು. ಎತ್ತರದ ಎಲೆಗೆ ಮರಿಹುಳ ಹತ್ತಲಾರದು. ದಿನಾ ಒಂದೊಂದು ಹೊಲದಲ್ಲಿ ಮಂದೆ ನಿಲ್ಲಿಸಿ ಮುಂದೆ ಸಾಗುವ ಕುರಿಗಾಹಿಗಳ ಪದ್ಧತಿಯಲ್ಲಿ ಈ ಜಾಣತನ ಇದೆ. ಅವರ ಹಿಕ್ಕೆಯ ಮೊಟ್ಟೆ ಒಡೆದು ಹುಲ್ಲು ಹತ್ತುವ ಹೊತ್ತಿಗೆ ಅವರ ಕುರಿ ಹತ್ತಾರು ಮೈಲಿ ದಾಟಿರುತ್ತದೆ.

ಕುರಿ ಈಯುವ ಮುಂಚೆ ಕೆಲವು ದಿನ, ಈದ ಮೇಲೆ ಹಾಲೂಡುವ ಕೆಲವು ವಾರ ತಾಯಿಯ ಹಿಕ್ಕೆಯಲ್ಲಿ ಮೊಟ್ಟೆ ಏರುತ್ತದೆ. ಆ ಹೊತ್ತಿಗೆ ಅವುಗಳ ರೆಪ್ಪೆ ತಪ್ಪದೆ ನೋಡಿ. ಸಂತೆಯಿಂದ ತಂದ ಕುರಿಯನ್ನು ನೇರ ಮಂದೆಗೆ ಬಿಡಬೇಡಿ. ಎರಡು ವಾರ ಬೇರೆ ಕಟ್ಟಿ, ಹಿಕ್ಕೆ ಪರೀಕ್ಷೆ ಮಾಡಿಸಿ. ಇನ್ನೊಬ್ಬರ ಮಂದೆಯ ಗಟ್ಟಿ ಹುಳ ದುಡ್ಡು ಕೊಟ್ಟು ತಂದ ಹಾಗಾಗಬಾರದು.

ಕಾಡಂಚಿನವರಿಗೆ ಒಂದು ಮಾತು. ಇದೇ ಹೀಮಾಂಕಸ್ ಚುಕ್ಕೆ ಜಿಂಕೆ, ಕೃಷ್ಣಮೃಗಗಳ ಹೊಟ್ಟೆಯಲ್ಲೂ ಸಿಕ್ಕಿದೆ. ರಾಣೆಬೆನ್ನೂರಿನ ಅಭಯಾರಣ್ಯದ ಸುತ್ತ, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನ ಸುತ್ತ, ಬಂಡೀಪುರದ ಅಂಚಿನಲ್ಲಿ ನಮ್ಮ ಕುರಿಯೂ ಅವುಗಳೂ ಒಂದೇ ಹುಲ್ಲಿಗೆ ಬಾಯಿ ಹಾಕಿದರೆ ಹುಳ ಆ ಕಡೆಯಿಂದ ಈ ಕಡೆಗೂ ಈ ಕಡೆಯಿಂದ ಆ ಕಡೆಗೂ ದಾಟಬಹುದು. ನಮ್ಮ ಔಷಧಿಗೆ ಒಗ್ಗಿದ ಹುಳ ದಾಟಿದರೆ ಅವಕ್ಕೆ ರೆಪ್ಪೆ ನೋಡುವವರು ಯಾರೂ ಇಲ್ಲ. ಸೊರಗಿದ ಜಿಂಕೆ ಕಂಡರೆ ಹಿಡಿಯಲು ಹೋಗಬೇಡಿ, ಅಟ್ಟಿದ ಆಯಾಸಕ್ಕೇ ಸಾಯುತ್ತದೆ. ವನ್ಯಜೀವಿ ಕಾಯ್ದೆಯಡಿ ಅದು ಅಪರಾಧ ಕೂಡ. ಔಷಧಿ ಬೆರೆಸಿದ ಮೇವನ್ನೂ ಇಡಬೇಡಿ. ಎಲ್ಲಿ ಕಂಡಿರಿ, ನಡಿಗೆ ಹೇಗಿತ್ತು, ಗದ್ದದ ಕೆಳಗೆ ಊತ ಇತ್ತೇ ಎಂಬುದನ್ನು ಅರಣ್ಯ ಇಲಾಖೆಯವರಿಗೆ ತಿಳಿಸಿ. ದೂರದಿಂದ ಮೊಬೈಲಿನಲ್ಲಿ ಫೋಟೊ ತೆಗೆದು ಕೊಟ್ಟರೆ ಅವರ ವೈದ್ಯರಿಗೆ ಇನ್ನೂ ಅನುಕೂಲ.